ರೋಗಿ ಒಬ್ಬರೇ, ರಿಜಿಸ್ಟರ್ ಹತ್ತು

2025ರ ಜುಲೈ ತಿಂಗಳ ಆರಂಭದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಬೆಳಗಿನಿಂದಲೇ ಮುಗಿಬಿದ್ದರು. ಎದೆನೋವು ಇದ್ದವರು ಸಾಲಿನಲ್ಲಿದ್ದರು. ಯಾವ ನೋವೂ ಇಲ್ಲದೆ, ಒಮ್ಮೆ ಇಸಿಜಿ ಮಾಡಿಸಿಕೊಂಡರೆ ನೆಮ್ಮದಿಯಾಗಿ ನಿದ್ದೆ ಬಂದೀತು ಎಂದು ಬಂದವರೂ ಇದ್ದರು. ಪಕ್ಕದ ಹಾಸನ ಜಿಲ್ಲೆಯಲ್ಲಿ ತಿಂಗಳೊಂದರ ಆಸುಪಾಸಿನಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡಿದ್ದರು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಟಿವಿ ವಾಹಿನಿಗಳು ಸಾವುಗಳನ್ನು ದಿನವೂ ಎಣಿಸಿ ತೋರಿಸಿದವು, ವಾಟ್ಸ್‌ಆ್ಯಪ್‌ನಲ್ಲಿ ಕೋವಿಡ್ ಲಸಿಕೆಯ ಮೇಲೆ ತೀರ್ಪು ಬಂದೇಬಿಟ್ಟಿತು.

ಆ ಹೊತ್ತಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಹಿಂದಿನ ವರ್ಷ ಇದೇ ದಿನಗಳಲ್ಲಿ, ಇದೇ ಜಿಲ್ಲೆಯಲ್ಲಿ, ಇದೇ ವಯಸ್ಸಿನ ಎಷ್ಟು ಮಂದಿ ಹೀಗೆ ಸತ್ತಿದ್ದರು? ಥಟ್ಟನೆ ಉತ್ತರ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಆ ಸಾವುಗಳ ವಿವರ ಕಲೆಹಾಕಿ, ಪ್ರಮಾಣ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಡುವಷ್ಟರಲ್ಲಿ ಭಯ ತನ್ನ ಕೆಲಸ ಮುಗಿಸಿತ್ತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂಬ ನಿರ್ಧಾರ ಸರ್ಕಾರದಿಂದ ಬಂದದ್ದು ಈ ಗದ್ದಲದ ನಂತರವೇ.

ಇದನ್ನು ಮಾಹಿತಿಯ ಬರ ಎಂದು ಕರೆಯಲಾಗದು. ಸತ್ತವರ ನೋಂದಣಿ ಇದೆ, ಆಸ್ಪತ್ರೆಗಳ ಒಳರೋಗಿ ದಾಖಲೆ ಇದೆ, ಹಳ್ಳಿಹಳ್ಳಿಯಲ್ಲಿ ಬಿಪಿ, ಶುಗರ್ ತಪಾಸಣೆ ಮಾಡಿ ಆ್ಯಪ್‌ಗೆ ತುಂಬಿಸಿದ ಅಂಕಿಗಳೂ ಇವೆ. ಮೂರನ್ನೂ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಒಂದೆಡೆ ಇಟ್ಟು ನೋಡುವ ಏರ್ಪಾಡು ಮಾತ್ರ ಇಲ್ಲ. ಆರೋಗ್ಯ ಮಾಹಿತಿಯ ಜೋಡಣೆ ಎಂದು ಈಗ ಎಲ್ಲೆಡೆ ಮಾತನಾಡುತ್ತಿರುವುದು ಈ ಕೊರತೆಯ ಬಗ್ಗೆ.

ಮದ್ದೂರು ತಾಲ್ಲೂಕಿನ ಐವತ್ತು ದಾಟಿದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ಸಕ್ಕರೆ ಕಾಯಿಲೆಯನ್ನು ಊರಿನ ಸಮುದಾಯ ಆರೋಗ್ಯ ಅಧಿಕಾರಿ ಪತ್ತೆ ಮಾಡಿ ಅಸಾಂಕ್ರಾಮಿಕ ರೋಗಗಳ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ಮುಂದಿನ ವರ್ಷ ಕೆಮ್ಮು ಬಿಡದೆ ಕಫ ಪರೀಕ್ಷೆಯಾಗುತ್ತದೆ, ಕ್ಷಯ ಎಂದು ತಿಳಿದು ಹೆಸರು ನಿಕ್ಷಯ್ ಪೋರ್ಟಲ್ ಸೇರುತ್ತದೆ. ಸುಸ್ತು ಹೆಚ್ಚಾಗಿ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಹೋದರೆ ಅಲ್ಲಿ ಹೊಸ ಹೊರರೋಗಿ ಚೀಟಿ, ಹೊಸ ನಂಬರ್. ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡರೆ ಆ ಲೆಕ್ಕ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕ್ಲೇಮ್ ಆಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಹೋಗುತ್ತದೆ. ನಡುವೆ ಖಾಸಗಿ ಕ್ಲಿನಿಕ್‌ಗಳಿಗೆ ತೋರಿಸಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಷ್ಟನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಆಕೆಯ ಕೈಯಲ್ಲಿರುವ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್. ಮಡಿಕೆಯಲ್ಲಿ ಹರಿದ ಚೀಟಿಗಳು, ಶಾಯಿ ಅಳಿಸಿಹೋದ ಇಸಿಜಿ ಕಾಗದ, ಎರಡು ಎಕ್ಸ್‌ರೇ, ಗುಳಿಗೆಯ ಖಾಲಿ ಪಟ್ಟಿ. ಸದ್ಯಕ್ಕೆ ನಮ್ಮ ಭಾಗದ ಅತ್ಯಂತ ಸಮಗ್ರ ಆರೋಗ್ಯ ದಾಖಲೆ ಇದು. ಒಂದು ಮಳೆಗೆ ಸಿಕ್ಕರೆ ಮುಗಿಯಿತು.

ಈ ಚೂರುಪಾರು ವ್ಯವಸ್ಥೆಯ ಹಿಂದೆ ಆಡಳಿತದ ಹಂಚಿಕೆಯೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆಗೆ ಸೇರಿದವು. ಜಯದೇವ ಸ್ವಾಯತ್ತ ಸಂಸ್ಥೆ. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಗಳು ಬೇರೆ. ಮಗುವಿನ ತೂಕ ನೋಡುವ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಅದಕ್ಕೆ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ತನ್ನದೇ ಆ್ಯಪ್. ಒಂದೊಂದೂ ತನ್ನ ಮೇಲಿನವರಿಗೆ ವರದಿ ಒಪ್ಪಿಸುತ್ತದೆ, ಪಕ್ಕದವರಿಗೆ ಹೇಳುವುದಿಲ್ಲ. ಜನರಿಗೆ ಈ ಗೆರೆಗಳು ಕಾಣುವುದೂ ಇಲ್ಲ. ಶ್ರೀರಂಗಪಟ್ಟಣದವರಿಗೆ ಜಿಲ್ಲಾ ಕೇಂದ್ರಕ್ಕಿಂತ ಮೈಸೂರಿನ ದೊಡ್ಡಾಸ್ಪತ್ರೆ ಹತ್ತಿರ, ನಾಗಮಂಗಲದವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಕೆ.ಆರ್. ಪೇಟೆಯವರು ಹಾಸನಕ್ಕೂ ಹೋಗುತ್ತಾರೆ. ರೋಗಿ ಬಸ್ ಹತ್ತಿ ಜಿಲ್ಲೆಯ ಗಡಿ ದಾಟಿಬಿಡುತ್ತಾರೆ, ಅವರ ದಾಖಲೆ ದಾಟುವುದಿಲ್ಲ.

ಜೋಡಿಸಿದರೆ ಏನು ಲಾಭ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮೈಸೂರಿನವರು ದೂರ ಹೋಗಬೇಕಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹೆರಿಗೆಯ ವಿವರಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ಜೊತೆಗೆ ತಾಯಿಯ ತೂಕ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಇಲ್ಲಿನ ವೈದ್ಯರೂ ಸೇರಿ ಆ ಹಳೆಯ ಪುಸ್ತಕಗಳನ್ನು ತೆರೆದರು. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಗೆ ತಿರುಗಿ, ಅಲ್ಲಿ ಹುಟ್ಟಿ ಇನ್ನೂ ಅಲ್ಲೇ ಬದುಕಿದ್ದವರನ್ನು ಪತ್ತೆ ಹಚ್ಚಿದರು. 1934 ಮತ್ತು 1954ರ ನಡುವೆ ಹುಟ್ಟಿದ 517 ಮಂದಿಯ ಹೃದಯ ತಪಾಸಣೆಯ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ 3. ಮಗುವೂ ಹಗುರ, ತಾಯಿಯೂ 45 ಕಿಲೋಗಿಂತ ಕಡಿಮೆ ಎಂಬಂಥ ಕಡೆ ಶೇ 20.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಪುಸ್ತಕಗಳಿಂದ ಸಕ್ಕರೆ ಕಾಯಿಲೆಯ ಜಾಡು ಹಿಡಿದಾಗ ನಿರೀಕ್ಷೆ ತಲೆಕೆಳಗಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈತುಂಬಿಕೊಂಡಿದ್ದ ಮಕ್ಕಳಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮುಂದೆ ಮಧುಮೇಹ ಹೆಚ್ಚು ಕಂಡಿತು. ಹಾಗಾದರೆ ಆ ತಾಯಂದಿರಿಗೆ ಗರ್ಭಾವಸ್ಥೆಯಲ್ಲೇ ಸಕ್ಕರೆ ಏರಿತ್ತೇ ಎಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು 1997ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿತು. ಬಸಿರಿನಲ್ಲಿ ಬಂದು ಹೋಗುವ ಸಕ್ಕರೆಯನ್ನು ಲಘುವಾಗಿ ಕಾಣಬಾರದು ಎಂದು ಇಂದು ವೈದ್ಯರು ಹೇಳುವುದರ ಹಿಂದೆ ಮೈಸೂರಿನ ಈ ಹೆರಿಗೆ ಪುಸ್ತಕಗಳ ಪಾಲೂ ಇದೆ.

ಸರ್ವರ್ ಇಲ್ಲ, ಆಧಾರ್ ಇಲ್ಲ, ಆ್ಯಪ್ ಇಲ್ಲ. ಅಳೆಯುವವರು ಸರಿಯಾಗಿ ಅಳೆದರು, ಬರೆದಿಟ್ಟವರು ಕಾಪಾಡಿಕೊಂಡರು, ಹುಡುಕುವವರು ಬಿಸಿಲಿನಲ್ಲಿ ನಡೆದರು. ಇದಕ್ಕೊಂದು ಮಿತಿಯೂ ಇದೆ: ಊರು ಬಿಟ್ಟವರು, ಚಿಕ್ಕಂದಿನಲ್ಲೇ ಸತ್ತವರು ಈ ಲೆಕ್ಕದಲ್ಲಿ ಇಲ್ಲ, ಉಳಿದವರ ಕಥೆ ಮಾತ್ರ ಇದೆ. ಜೋಡಣೆಯಾದ ಯಾವ ದತ್ತಾಂಶವನ್ನು ನೋಡುವಾಗಲೂ ಕೇಳಬೇಕಾದದ್ದು ಇದನ್ನೇ, ಕೈಬಿಟ್ಟು ಹೋದವರು ಯಾರು?

ಈಗ ಅದೇ ಬಸಿರಿನ ಸಕ್ಕರೆಯ ವಿಷಯಕ್ಕೆ ಬರೋಣ. ಮಳವಳ್ಳಿಯ ಕಡೆಯ 24 ವರ್ಷದ ಹೆಂಗಸಿಗೆ ಗರ್ಭಾವಸ್ಥೆಯಲ್ಲಿ ಮಧುಮೇಹ ಕಾಣಿಸಿತು ಎನ್ನಿ. ತಾಯಿ ಕಾರ್ಡ್‌ನಲ್ಲಿ ಬರೆಯಲಾಗುತ್ತದೆ, ತಾಯಿ–ಮಗುವಿನ ಆರ್‌ಸಿಎಚ್ ಪೋರ್ಟಲ್‌ಗೂ ಏರುತ್ತದೆ. ಹೆರಿಗೆಯಾಗಿ ಮಗುವಿನ ಲಸಿಕೆಗಳು ಮುಗಿದ ಮೇಲೆ ಆ ಕಾರ್ಡ್‌ ಬೀರುವಿನಲ್ಲಿ ಬಟ್ಟೆಯ ಕೆಳಗೆ ಸೇರುತ್ತದೆ. ಆಕೆಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಬಿಪಿ–ಶುಗರ್ ತಪಾಸಣೆಯ ಕಾರ್ಯಕ್ರಮ ಶುರುವಾಗುವುದು 30 ದಾಟಿದವರಿಗೆ, ಅದರ ಆ್ಯಪ್ ಬೇರೆ. ಅತ್ಯಂತ ಹೆಚ್ಚು ಅಪಾಯವಿರುವವಳ ಹೆಸರು ಸರ್ಕಾರಕ್ಕೆ ಗೊತ್ತಿದ್ದೂ, ಅದೇ ಉಪಕೇಂದ್ರದ ಇನ್ನೊಂದು ಟ್ಯಾಬ್‌ಗೆ ಗೊತ್ತಿಲ್ಲದಂತೆ ಆರು ವರ್ಷ ಕಳೆದುಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅವರನ್ನು ಮೊದಲೇ ಹಿಡಿಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ: ಎರಡು ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡುವುದು. ಕ್ಷಯದ ವಿಷಯದಲ್ಲೂ ಹಾಗೆಯೇ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಅಪಾಯ ಎರಡರಿಂದ ಮೂರು ಪಟ್ಟು. ಸಕ್ಕರೆ ಇದ್ದವರಿಗೆ ಕ್ಷಯದ, ಕ್ಷಯ ಇದ್ದವರಿಗೆ ಸಕ್ಕರೆಯ ಪರೀಕ್ಷೆ ಮಾಡಬೇಕೆಂಬ ನಿಯಮ ಇದೆ, ಅದಕ್ಕೆ ನೆರವಾಗಬೇಕಾದ ಪಟ್ಟಿಗಳು ಮಾತ್ರ ದೂರ ದೂರ.

ಇದಕ್ಕೆಲ್ಲ ಮದ್ದು ಎಂದು ಕೇಂದ್ರ ಸರ್ಕಾರ ಮುಂದಿಟ್ಟಿರುವುದು 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಪ್ರತಿಯೊಬ್ಬರಿಗೂ 14 ಅಂಕಿಗಳ ‘ಆಭಾ’ ಸಂಖ್ಯೆ. ದಾಖಲೆಗಳನ್ನೆಲ್ಲ ದೆಹಲಿಯ ಒಂದು ಕಣಜಕ್ಕೆ ಸುರಿಯುವ ಯೋಜನೆ ಇದಲ್ಲ; ಮಿಮ್ಸ್‌ನ ದಾಖಲೆ ಮಿಮ್ಸ್‌ನಲ್ಲೇ ಇರುತ್ತದೆ, ರೋಗಿ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟರೆ ಮೈಸೂರಿನ ವೈದ್ಯರಿಗೆ ಅದು ಕಾಣುತ್ತದೆ. ಎಷ್ಟು ದಿನಕ್ಕೆ, ಯಾವ ಉದ್ದೇಶಕ್ಕೆ ಎಂದೂ ಹೇಳಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ವಿನ್ಯಾಸ ಒಳ್ಳೆಯದೇ. ತೊಡಕು ಇರುವುದು ನಮ್ಮ ನಿರೀಕ್ಷೆಯಲ್ಲಿ. ಆಸ್ಪತ್ರೆಯ ಗೋಡೆಯ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಟೋಕನ್ ಪಡೆದರೆ ಸಾಲು ತಪ್ಪುತ್ತದೆ, ಅಷ್ಟೇ. ವೈದ್ಯರು ಬರೆದದ್ದು ಕಂಪ್ಯೂಟರಿಗೆ ಏರದಿದ್ದರೆ ಆ ಸಂಖ್ಯೆಗೆ ಜೋಡಿಸಲು ಏನೂ ಇರುವುದಿಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಗುವ ವೈದ್ಯರು ಕೀಲಿಮಣೆ ಕುಟ್ಟುತ್ತ ಕೂರಲಿ ಎನ್ನುವುದು ಕಚೇರಿಯಲ್ಲಿ ಕುಳಿತವರ ಆಸೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಆಭಾ ಒಬ್ಬ ರೋಗಿಯ ಚಿಕಿತ್ಸೆಗೆಂದು ರೂಪಿಸಿದ ವ್ಯವಸ್ಥೆ. ಪಾಂಡವಪುರ ತಾಲ್ಲೂಕಿನಲ್ಲಿ ಎಷ್ಟು ಮಂದಿಯ ಬಿಪಿ ಹತೋಟಿಯಲ್ಲಿದೆ, ಯಾವ ಊರಿನಲ್ಲಿ ಔಷಧಿ ಅರ್ಧಕ್ಕೆ ಬಿಟ್ಟವರು ಹೆಚ್ಚು ಎಂಬ ಸಮುದಾಯದ ಪ್ರಶ್ನೆಗೆ ಅದು ತಾನಾಗಿ ಉತ್ತರಿಸುವುದಿಲ್ಲ. ಅದಕ್ಕೆ ಬೇರೆಯದೇ ಏರ್ಪಾಡು ಬೇಕು.

ಹೆಸರಿನ ಫಜೀತಿಯನ್ನೂ ಹೇಳಬೇಕು. ಮಂಡ್ಯದ ಯಾವ ಹೋಬಳಿಯಲ್ಲಿ ಹುಡುಕಿದರೂ ಪುಟ್ಟಸ್ವಾಮಿ, ಸಿದ್ದರಾಜು, ಮಹದೇವಮ್ಮ, ಜಯಮ್ಮ ಡಜನ್‌ಗಟ್ಟಲೆ ಸಿಗುತ್ತಾರೆ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಮಾಯ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮಹದೇವಮ್ಮನಿಗೆ ನಾಲ್ಕು ರೂಪ. ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಜನವರಿ ಒಂದರಂದು ಹುಟ್ಟಿದವರು. ಮೊಬೈಲ್ ಸಂಖ್ಯೆ ಗಂಡನದೋ ಮಗನದೋ ಆಗಿರುತ್ತದೆ, ರೀಚಾರ್ಜ್ ಮುಗಿದರೆ ಅದೂ ಬದಲು. ಇದರ ಮೇಲೆ ನಮ್ಮ ಕಡೆಯ ಪದ್ಧತಿ: ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರಿನ ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು ಏಳು ತಿಂಗಳು ನೋಡಿಕೊಂಡ ಬಸುರಿ ಸೀಮಂತ ಮುಗಿಸಿ ತವರಿಗೆ ಹೊರಡುತ್ತಾಳೆ, ಹೆರಿಗೆ ಮೈಸೂರಿನ ಚೆಲುವಾಂಬದಲ್ಲೋ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲೋ ಆಗುತ್ತದೆ, ಮಗುವಿನ ಮೊದಲ ಲಸಿಕೆ ಮತ್ತೊಂದು ತಾಲ್ಲೂಕಿನ ಲೆಕ್ಕಕ್ಕೆ. ಗಂಡನ ಊರಿನ ಪುಸ್ತಕದಲ್ಲಿ ಆಕೆ ಇನ್ನೂ ಬಸುರಿಯೇ. ಆಶಾಗೆ ಫೋನ್ ಮಾಡಿ ಕೇಳಿದರೆ ಎಲ್ಲವೂ ತಿಳಿಯುತ್ತದೆ. ಮಗುವಿನ ಹೆಸರು, ತೊಟ್ಟಿಲ ಶಾಸ್ತ್ರದ ದಿನವೂ ಸೇರಿ. ಪೋರ್ಟಲ್‌ಗೆ ಮಾತ್ರ ತಿಳಿಯುವುದಿಲ್ಲ.

ಹೀಗೆ ಪುಸ್ತಕದಲ್ಲಿ ಅರ್ಧಕ್ಕೆ ನಿಂತ ಬಸಿರುಗಳಲ್ಲಿ ತವರಿಗೆ ಹೋದವು ಎಷ್ಟು, ಇನ್ನೇನೋ ಆದವು ಎಷ್ಟು ಎಂದು ಬೇರ್ಪಡಿಸಲಾಗದ್ದಕ್ಕೆ ಮಂಡ್ಯ ಬೆಲೆ ತೆತ್ತಿದೆ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣ ಲಿಂಗ ಪತ್ತೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಮುಂದಿನ ವರ್ಷವೇ ಪಾಂಡವಪುರದಲ್ಲಿ ಮತ್ತೊಂದು ಪ್ರಕರಣ. ಕಾನೂನಿನ ಪ್ರಕಾರ ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ‘ಫಾರಂ ಎಫ್’ ತುಂಬಬೇಕು, ಅದರಲ್ಲಿ ಈಗಾಗಲೇ ಇರುವ ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು ಎಂಬ ಕಾಲಂ ಕೂಡ ಇದೆ. ಆದರೆ ಬೆಲ್ಲ ಬೇಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ಕದ್ದು ಇಟ್ಟ ಯಂತ್ರಕ್ಕೆ ಯಾವ ಫಾರಂ? ಇಲ್ಲದ ದಾಖಲೆಯನ್ನು ಹುಡುಕುವ ದಾರಿ ಒಂದೇ, ಇರುವ ದಾಖಲೆಗಳ ನಡುವಿನ ಬಿರುಕು ನೋಡುವುದು. ಮೂರನೇ ತಿಂಗಳಿನಲ್ಲಿ ನೋಂದಾಯಿಸಿ, ಐದನೆಯ ತಿಂಗಳಿನಿಂದ ಯಾವ ತಪಾಸಣೆಯೂ ಇಲ್ಲದೆ, ಹೆರಿಗೆಯೂ ದಾಖಲಾಗದೆ ಮರೆಯಾದ ಬಸಿರುಗಳು ಯಾವ ಊರುಗಳಲ್ಲಿ ಗುಂಪಾಗಿವೆ? ಎರಡು ಹೆಣ್ಣು ಮಕ್ಕಳಿರುವವರಲ್ಲಿ ಅವು ಹೆಚ್ಚಿವೆಯೇ? ಇನ್ನೊಂದು ಸುಳಿವು, ನೋಂದಣಿಯೇ ತಡವಾಗುವುದು. ಗಂಡೆಂದು ಖಚಿತವಾದ ಮೇಲೆ ಆಸ್ಪತ್ರೆಗೆ ಬರುವವರು ಒಂದು ಊರಿನಲ್ಲಿ ಹೆಚ್ಚಾದರೆ ಅಂಕಿ ಅದನ್ನು ಹೇಳಿಯೇ ತೀರುತ್ತದೆ.

ಇಲ್ಲಿ ನನಗೆ ಅಳುಕೂ ಇದೆ. ಊರು, ಹೋಬಳಿ ಮಟ್ಟದಲ್ಲಿ ಇಂಥ ವಿಶ್ಲೇಷಣೆ ಮಾಡಿ ಅಕ್ರಮ ಸ್ಕ್ಯಾನಿಂಗ್ ಹುಡುಕುವುದು ಒಂದು. ಗರ್ಭಪಾತವಾದ ಪ್ರತಿ ಹೆಂಗಸಿನ ಮನೆ ಬಾಗಿಲಿಗೆ ಪೊಲೀಸರನ್ನೋ ಅಧಿಕಾರಿಗಳನ್ನೋ ಕಳಿಸುವುದು ಇನ್ನೊಂದು. ತಾನಾಗಿ ಆದ ಗರ್ಭಪಾತದ ದುಃಖದಲ್ಲಿರುವವಳಿಗೆ ವಿಚಾರಣೆಯ ಶಿಕ್ಷೆ ಕೊಟ್ಟರೆ, ಮುಂದಿನ ಸಲ ಆಕೆ ಹೆಸರು ಬರೆಸುವುದೇ ಇಲ್ಲ. ಕಾನೂನುಬದ್ಧ ಗರ್ಭಪಾತ ಮಾಡಿಸಿಕೊಂಡವರ ಗುರುತನ್ನು ಬಿಟ್ಟುಕೊಡುವುದು 2021ರ ತಿದ್ದುಪಡಿಯ ನಂತರ ಶಿಕ್ಷಾರ್ಹ ಅಪರಾಧ. ಜೋಡಣೆ ಬೇಕು ಎಂದು ಬರೆಯುವವರು ಈ ಗೆರೆಯನ್ನು ದಪ್ಪಗೆ ಎಳೆಯಬೇಕು.

ಗುಟ್ಟಿನ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಹೆಸರು ತೆಗೆದುಹಾಕಿದ್ದೇವೆ ಎನ್ನುವ ಭರವಸೆ ಬೆಂಗಳೂರಿನ ವಾರ್ಡಿನಲ್ಲಿ ನಡೆದೀತು. ನಲವತ್ತು ಮನೆಗಳ ದೊಡ್ಡಿಯಲ್ಲಿ ‘45 ವರ್ಷ, ಗಂಡಸು, ಕ್ಷಯ’ ಎಂದರೆ ಹೆಸರು ಹೇಳಿದಂತೆಯೇ. ಹೆಣ್ಣು ಕೊಡುವ, ತರುವ ಮಾತುಕತೆಗಳು ಇಂಥ ಒಂದು ಸಾಲಿನಿಂದ ಮುರಿದು ಬೀಳುತ್ತವೆ. ಎಚ್‌ಐವಿ ಮತ್ತು ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ 2017ರ ಕಾಯ್ದೆಗಳು ಗೋಪ್ಯತೆಯನ್ನು ಹಕ್ಕೆಂದೇ ಹೇಳಿವೆ, 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂದಿದೆ. ಇಂಗ್ಲೆಂಡಿನ ಅನುಭವ ನೋಡಿ. ಅಲ್ಲಿ ಹುಟ್ಟಿದ ಮಗುವಿಗೂ ಒಂದು ಆರೋಗ್ಯ ಸಂಖ್ಯೆ ಇದೆ, 2022ರ ಜುಲೈನಲ್ಲಿ ಇಡೀ ದೇಶವನ್ನು 42 ಸಮಗ್ರ ಆರೈಕೆ ಮಂಡಳಿಗಳಾಗಿ ವಿಂಗಡಿಸಿ ಕುಟುಂಬ ವೈದ್ಯರು, ಆಸ್ಪತ್ರೆ, ಸ್ಥಳೀಯ ಸಂಸ್ಥೆಗಳನ್ನು ಒಂದೇ ಮೇಜಿಗೆ ಕೂರಿಸಿದರು. ಅಂಥ ದೇಶದಲ್ಲೂ, ಈ ಮಂಡಳಿಗಳಿಗೆ ಮೊದಲು, ಕುಟುಂಬ ವೈದ್ಯರ ದಾಖಲೆಗಳನ್ನು ಒಂದೆಡೆ ಸೇರಿಸುವ ‘ಕೇರ್ ಡಾಟ್ ಡೇಟಾ’ ಯೋಜನೆಯನ್ನು ಜನರಿಗೆ ಸರಿಯಾಗಿ ತಿಳಿಸದೆ ಹೊರಟಿದ್ದಕ್ಕೆ 2014ರಲ್ಲಿ ತಡೆಹಿಡಿದು 2016ರಲ್ಲಿ ಕೈಬಿಡಬೇಕಾಯಿತು. ತಂತ್ರಜ್ಞಾನ ಕೆಟ್ಟಿರಲಿಲ್ಲ, ನಂಬಿಕೆ ಕೆಟ್ಟಿತು.

ನಮ್ಮಲ್ಲಿ ನಂಬಿಕೆ ಉಳಿದಿರುವುದು ಆಶಾ, ದಾದಿಯರ ಮೇಲೆ. ಆದರೆ ಅವರ ಪಾಲಿಗೆ ಮಾಹಿತಿ ಎಂದರೆ ಏರಿಸಬೇಕಾದ ಹೊರೆ. ಬೆಳಿಗ್ಗೆ ಮನೆಮನೆಗೆ ಹೋಗಿ ಕೇಳಿ, ಪುಸ್ತಕದಲ್ಲಿ ಬರೆದು, ಸಂಜೆ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಆ್ಯಪ್‌ಗೆ ತುಂಬಿಸುತ್ತಾರೆ. ಅದು ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ, ದೆಹಲಿಗೆ ಏರಿ ಬಣ್ಣಬಣ್ಣದ ನಕ್ಷೆಯಾಗುತ್ತದೆ. ತುಂಬಿಸಿದವರಿಗೆ ಮರಳಿ ಬರುವುದು ‘ನಿಮ್ಮ ಕೇಂದ್ರ ಶೇ 62ರಲ್ಲಿದೆ, ಹಿಂದುಳಿದಿದ್ದೀರಿ’ ಎಂಬಂಥ ಗದರಿಕೆ. ಕನ್ನಂಬಾಡಿ ಕಟ್ಟೆಯ ಬುಡದಲ್ಲಿದ್ದು ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವವರ ಪಾಡು ಇದು.

ಆಶಾಗೋ ದಾದಿಗೋ ಬೇಕಾದದ್ದು ಶೇಕಡಾವಾರು ಅಲ್ಲ, ಹೆಸರುಗಳು. ಈ ವಾರ ಔಷಧಿ ತೆಗೆದುಕೊಳ್ಳಲು ಬರಬೇಕಾಗಿದ್ದು ಬಾರದವರು ಯಾರು? ಮಿಮ್ಸ್‌ನಲ್ಲಿ ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮೊನ್ನೆ ಮನೆಗೆ ಬಂದವರು ಯಾವ ಬೀದಿಯಲ್ಲಿದ್ದಾರೆ? ಬಸಿರಿನಲ್ಲಿ ಸಕ್ಕರೆ ಇದ್ದು ವರ್ಷವಾದರೂ ಮರುಪರೀಕ್ಷೆ ಆಗದವರು ಯಾರು? ದೇಶದ ಕೆಲವು ರಾಜ್ಯಗಳಲ್ಲಿ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮಕ್ಕೆ ಬಳಸಿದ ‘ಸಿಂಪಲ್’ ಎಂಬ ಆ್ಯಪ್ ಮಾಡಿದ್ದು ಇಷ್ಟೇ. ದಾದಿ ಬಿಪಿ ಎಷ್ಟೆಂದು ದಾಖಲಿಸಿದರೆ, ಬರದೇ ಉಳಿದವರ ಪಟ್ಟಿಯನ್ನು ಫೋನ್ ಸಂಖ್ಯೆಯ ಸಮೇತ ಆಕೆಗೇ ತೋರಿಸುತ್ತದೆ. ಹಾಗಾಗಿ ತುಂಬಿಸುವ ಕೆಲಸ ಆಕೆಗೇ ಲಾಭ, ಸುಳ್ಳು ತುಂಬಿಸಿದರೆ ನಷ್ಟವೂ ಆಕೆಗೇ. ಅಂಕಿಗಳ ಗುಣಮಟ್ಟ ಸುಧಾರಿಸಲು ಸುತ್ತೋಲೆಗಳಿಗಿಂತ ಇದು ವಾಸಿ. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿ ಈಗ ಮನೆ ಬಾಗಿಲಿಗೆ ತಪಾಸಣೆ, ಗುಳಿಗೆ ಎರಡನ್ನೂ ಒಯ್ಯುತ್ತಿದೆ. ಎಷ್ಟು ಮನೆ ಮುಟ್ಟಿದೆವು ಎಂಬ ಲೆಕ್ಕದಲ್ಲಿ ಅದನ್ನು ಅಳೆದರೆ ಹಳೆಯ ಚಾಳಿಯೇ. ಎಷ್ಟು ಮಂದಿಯ ಬಿಪಿ ಇಳಿದು ನಿಂತಿದೆ ಎಂದು ಅಳೆಯಬೇಕು.

ಜಿಲ್ಲೆಯ ಮಟ್ಟದಲ್ಲಿ ಇದಕ್ಕೆ ಕಾಯಬೇಕಾದ ತಂತ್ರಾಂಶ ಏನೂ ಇಲ್ಲ. ಮಿಮ್ಸ್‌ನಿಂದ, ಕೆ.ಆರ್. ಆಸ್ಪತ್ರೆಯಿಂದ, ಜಯದೇವದಿಂದ ಬಿಡುಗಡೆಯಾಗುವವರಲ್ಲಿ ಒಪ್ಪಿಗೆ ಕೊಟ್ಟವರ ಪಟ್ಟಿ ಊರುವಾರು ವಿಂಗಡಣೆಯಾಗಿ ವಾರಕ್ಕೊಮ್ಮೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಉಪಕೇಂದ್ರಕ್ಕೆ ಬರಬಹುದು. ಮಂಡ್ಯ, ಮೈಸೂರು, ಹಾಸನ, ಚಾಮರಾಜನಗರದವರು ಹೆರಿಗೆಗಳ ವಿವರವನ್ನಾದರೂ ಜಿಲ್ಲೆಯಿಂದ ಜಿಲ್ಲೆಗೆ ಹಂಚಿಕೊಂಡರೆ ತವರಿಗೆ ಹೋದವಳು ಲೆಕ್ಕಕ್ಕೆ ಸಿಗುತ್ತಾಳೆ. ಮನೆಯಲ್ಲಿ ಸತ್ತವರ ಮರಣ ಕಾರಣವನ್ನು ಆಶಾ ಮತ್ತು ವೈದ್ಯಾಧಿಕಾರಿ ಮನೆಯವರನ್ನು ಕೇಳಿ ಬರೆದುಕೊಳ್ಳುವುದು ರೂಢಿಯಾದರೆ, ಮುಂದಿನ ಸಲ ಟಿವಿಯವರು ಸಾವು ಎಣಿಸತೊಡಗಿದಾಗ ಹೇಳಲು ಹಿಂದಿನ ವರ್ಷದ ಒಂದು ಸಂಖ್ಯೆಯಾದರೂ ಇರುತ್ತದೆ. ಇವಕ್ಕೆ ಬೇಕಾಗಿರುವುದು ಎರಡು ಇಲಾಖೆಗಳ ಸಹಿ. ತಿಂಗಳ ಪರಿಶೀಲನಾ ಸಭೆಯಲ್ಲಿ ಆಭಾ ಸಂಖ್ಯೆ ಎಷ್ಟು ಮಂದಿಗೆ ಮಾಡಿಸಿದಿರಿ ಎಂದು ಕೇಳುವುದರ ಜೊತೆಗೆ, ಕಳೆದ ವಾರ ಮಿಮ್ಸ್‌ನಿಂದ ಮನೆಗೆ ಹೋದ ಕೆ.ಆರ್. ಪೇಟೆಯವರಲ್ಲಿ ಎಷ್ಟು ಮಂದಿಯ ಮನೆಗೆ ದಾದಿ ಹೋಗಿ ಬಂದರು ಎಂದೂ ಜಿಲ್ಲಾಡಳಿತ ಕೇಳತೊಡಗಿದರೆ, ಆ ಸಹಿಗಳು ಬೀಳಲು ಬಹಳ ದಿನ ಹಿಡಿಯಲಾರದು.